ಮಡಕೆಗೆ ಎಷ್ಟು ಕೈ?

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತೇವೆ. ದೊಣ್ಣೆಯ ಮಟ್ಟಿಗೆ ಗಾದೆ ಸರಿ. ಕುಂಬಾರನ ಮಟ್ಟಿಗೆ ಅದರ ಲೆಕ್ಕ ಬಿಡಿಸಿ ನೋಡಬೇಕು. ನುರಿತವನು ತಿಗರಿಯ ಮುಂದೆ ಕೂತರೆ ಒಂದು ಕುಡಿಕೆ ಎತ್ತಲು ಒಂದೆರಡು ನಿಮಿಷ ಸಾಕು. ದೊಡ್ಡ ಗಡಿಗೆಯ ಕಂಠ ತಿದ್ದಿ, ದಾರದಿಂದ ಕೊಯ್ದು ಇಳಿಸಲು ಇನ್ನಷ್ಟು ಹೊತ್ತು. ವರುಷ ಹಿಡಿಯುವುದು ಉಳಿದ ಕೆಲಸ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಮಣ್ಣು ಅಗೆದು ತರಬೇಕು. ಒಣಗಿಸಿ, ಕುಟ್ಟಿ, ಕಲ್ಲು ಬೇರು ಆರಿಸಿ, ನೆನೆಹಾಕಿ ತುಳಿಯಬೇಕು. ಮರಳನ್ನೋ ಬೂದಿಯನ್ನೋ ಕುದುರೆ ಲದ್ದಿಯನ್ನೋ ಬೆರೆಸಿ ನಾದಬೇಕು. ತಿಗರಿಯಿಂದ ಇಳಿದ ಗಡಿಗೆಗೆ ಎಷ್ಟೋ ಕಡೆ ಇನ್ನೂ ತಳವೇ ಇರುವುದಿಲ್ಲ. ಅದು ಅರೆ ಒಣಗಿದ ಮೇಲೆ ಒಳಗೆ ಗುಂಡುಕಲ್ಲು ಹಿಡಿದು, ಹೊರಗಿನಿಂದ ಹಲಗೆಯಲ್ಲಿ ತಟ್ಟುತ್ತ ತಟ್ಟುತ್ತ ಹೊಟ್ಟೆ ಉಬ್ಬಿಸಿ ತಳ ಕೂಡಿಸಬೇಕು. ಕೆಮ್ಮಣ್ಣು ಬಳಿದು ಉಜ್ಜಬೇಕು. ಸೌದೆ, ಗರಿ, ಹುಲ್ಲು, ಬೆರಣಿ ಒಟ್ಟುಮಾಡಬೇಕು. ಆವಿಗೆ ಹೂಡಿ ರಾತ್ರಿಯೆಲ್ಲ ಕಾಯಬೇಕು. ಆರಿದ ಮೇಲೆ ಬಿರುಕು ಬಿಟ್ಟದ್ದನ್ನು ಬೇರ್ಪಡಿಸಿ ಉಳಿದದ್ದನ್ನು ಹುಲ್ಲಿನ ಮೆತ್ತೆಯಲ್ಲಿಟ್ಟು ಸಂತೆಗೆ ಹೊರಬೇಕು. ಇಷ್ಟೆಲ್ಲದರ ನಡುವೆ ತಿಗರಿಯ ಕೆಲಸ ಒಂದು ಪಾಲು, ಅದೂ ಸಣ್ಣ ಪಾಲು.

ಉಳಿದ ಪಾಲುಗಳು ಯಾರವು? ಕುಟ್ಟುವುದು, ಜರಡಿ ಹಿಡಿಯುವುದು, ನಾದುವುದು, ಬಣ್ಣ ಬಳಿಯುವುದು, ಸಂತೆಯಲ್ಲಿ ಕೂತು ಮಾರುವುದು ಬಹುಮಟ್ಟಿಗೆ ಹೆಂಗಸರು. ತಟ್ಟುವ ಕೆಲಸದಲ್ಲೂ ಅವರ ಕೈ ಇದ್ದೇ ಇರುತ್ತದೆ. ಅಂಗಳದಲ್ಲಿ ಒಣಗಲು ಇಟ್ಟದ್ದನ್ನು ಮೋಡ ಕಟ್ಟಿದ ಕೂಡಲೇ ಒಳಗೆ ಸಾಗಿಸುವವರು ಆ ಹೊತ್ತಿಗೆ ಮನೆಯಲ್ಲಿ ಯಾರಿದ್ದಾರೋ ಅವರು, ಮುದುಕರೂ ಮಕ್ಕಳೂ ಸೇರಿ. ಆದರೆ ಪಠ್ಯಪುಸ್ತಕದ ಚಿತ್ರದಲ್ಲಿ, ಸರ್ಕಾರದ ಜಾಹೀರಾತಿನಲ್ಲಿ, ಕರಕುಶಲ ಮೇಳದ ಬ್ಯಾನರಿನಲ್ಲಿ ಕುಂಬಾರ ಎಂದರೆ ತಿಗರಿಯ ಮುಂದೆ ಬಾಗಿ ಕೂತ ಒಬ್ಬ ಗಂಡಸು. ಕುಂಬಾರಿಕೆ ಒಬ್ಬನ ಕಸುಬಾಗಿ ಯಾವತ್ತೂ ಇರಲಿಲ್ಲ. ಒಬ್ಬನದೇ ಎಂದುಕೊಂಡು ನಾವು ಮಾಡುವ ಸಹಾಯ, ಕೊಡುವ ಪ್ರಶಸ್ತಿ, ಪಡುವ ಮರುಕ ಎಲ್ಲವೂ ಗುರಿ ತಪ್ಪುತ್ತಿವೆ ಎಂಬುದು ನನ್ನ ವಾದ. ಇದರ ಜೊತೆಗೇ ಹೇಳಬೇಕಾದ ಇನ್ನೊಂದು ಮಾತು ಕೆಲವರಿಗೆ ರುಚಿಸಲಾರದು. ಮನೆ, ಕುಲ, ಊರು ಎಂಬ ಹಳೆಯ ಕಟ್ಟುಗಳೇ ಈ ಕಸುಬನ್ನು ಇಷ್ಟು ಕಾಲ ಹಿಡಿದು ನಿಲ್ಲಿಸಿದ್ದು ನಿಜ. ಇನ್ನು ಮುಂದೆ ಅವಷ್ಟೇ ಸಾಲವು. ಹುಟ್ಟಿನಿಂದ ಬಾರದ ನಂಟು, ಗೆಳೆತನ, ಅದಕ್ಕೆ ಬೇಕು.

ಮೊದಲು ಸರ್ಕಾರದ ಲೆಕ್ಕ ನೋಡೋಣ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆ 18 ಕಸುಬುಗಳನ್ನು ಒಳಗೊಳ್ಳುತ್ತದೆ, ಕುಂಬಾರಿಕೆ ಅವುಗಳಲ್ಲೊಂದು. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅದು ತೀರಿದ ಮೇಲೆ 2 ಲಕ್ಷದವರೆಗೆ ಸಾಲ. ಬಡ್ಡಿ ವ್ಯಾಪಾರಿಯ ಬಾಗಿಲು ಕಾಯುವ ಮನೆಗೆ ಇದು ಸಣ್ಣ ಮಾತಲ್ಲ, ಹೀಗಳೆಯುವುದಕ್ಕೆ ನಾನು ಇದನ್ನು ಎತ್ತುತ್ತಿಲ್ಲ. ಆದರೆ ಅದರಲ್ಲೊಂದು ಷರತ್ತಿದೆ: ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ನೋಂದಣಿ. ಕುಟುಂಬವೆಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಕ್ಷೌರಿಕರನ್ನೂ ದರ್ಜಿಗಳನ್ನೂ ಈ ಷರತ್ತು ಅಷ್ಟಾಗಿ ಬಾಧಿಸದಿರಬಹುದು. ಅಲ್ಲಿ ಕತ್ತರಿ ಹಿಡಿದ ಕೈ ಯಾವುದೆಂದು ಕಾಣುತ್ತದೆ. ಕುಂಬಾರರ ಮನೆಯಲ್ಲಿ ಯಾರ ಹೆಸರು ಬರೆಸುವುದು? ಮಣ್ಣಿನ ಹದ ಬಲ್ಲವಳದೋ, ತಿಗರಿ ತಿರುಗಿಸುವವನದೋ, ಆವಿಗೆಯ ಹೊಗೆಯ ಬಣ್ಣ ನೋಡಿ ಬೆಂದಿತೋ ಇಲ್ಲವೋ ಹೇಳಬಲ್ಲವರದೋ? ಎಲ್ಲರ ಕಣ್ಣಿಗೆ ಬೀಳುವವನು ತಿಗರಿಯವನು. ಅವನು ಕುಶಲಕರ್ಮಿಯಾಗುತ್ತಾನೆ. ಅವಳು ಮನೆಗೆಲಸದ ಜೊತೆಗೆ ಕೈಜೋಡಿಸುವವಳಾಗಿ ಉಳಿಯುತ್ತಾಳೆ.

ಒಂದೇ ಮನೆಗೆ ನಾಲ್ಕು ಪಾಲು ಹೋಗಬಾರದು, ಹಂಚಿಕೆ ನ್ಯಾಯವಾಗಿರಬೇಕು ಎಂಬ ಸಮರ್ಥನೆ ಇದಕ್ಕಿದೆ. ಅದರಲ್ಲಿ ತಥ್ಯವೂ ಇದೆ. ಸಾಲ ಮನೆಗೊಂದೇ ಇರಲಿ, ಕಸುಬುದಾರರೆಂಬ ಗುರುತು ದುಡಿಯುವ ಎಲ್ಲರಿಗೂ ಸಿಗಲಿ ಎಂದು ನಿಯಮ ಬರೆಯುವುದು ಕಷ್ಟವೇನಲ್ಲ. ಗುರುತಿಗೆ ಖರ್ಚಿಲ್ಲ. ಗುರುತಿಲ್ಲದವರಿಗೆ ತರಬೇತಿಯಿಲ್ಲ, ಮೇಳದ ಮಳಿಗೆಯಿಲ್ಲ, ಪ್ರಶಸ್ತಿಯಂತೂ ಇಲ್ಲವೇ ಇಲ್ಲ.

ಮಾರುಕಟ್ಟೆಯೂ ಒಬ್ಬರನ್ನೇ ಹುಡುಕುತ್ತದೆ. ಇದರ ಅತಿ ಸ್ವಾರಸ್ಯದ ಉದಾಹರಣೆ ನಮ್ಮದಲ್ಲ. ಅಮೆರಿಕದ ನ್ಯೂ ಮೆಕ್ಸಿಕೋ ಸೀಮೆಯ ಸಾನ್ ಇಲ್ಡಿಫಾನ್ಸೊ ಎಂಬ ಪುಟ್ಟ ಮೂಲನಿವಾಸಿ ಊರಿನ ಮರಿಯಾ ಮಾರ್ಟಿನೆಜ್ 1980ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಲೋಕದ ಅತ್ಯಂತ ಹೆಸರಾದ ಕುಂಬಾರರಲ್ಲಿ ಒಬ್ಬಳು. ತಿಗರಿಯಿಲ್ಲದೆ ಮಣ್ಣಿನ ಸುರುಳಿ ಸುತ್ತಿ ಮಡಕೆ ಏರಿಸುತ್ತಿದ್ದಳು, ಕಲ್ಲಿನಿಂದ ಉಜ್ಜಿ ಹೊಳಪು ತರುತ್ತಿದ್ದಳು. ಅದರ ಮೇಲೆ ಚಿತ್ತಾರ ಬರೆಯುತ್ತಿದ್ದವನು ಗಂಡ ಜೂಲಿಯನ್. ಹೊಳೆಯುವ ಕಪ್ಪಿನ ಮೇಲೆ ಮಂಕು ಕಪ್ಪಿನ ಚಿತ್ತಾರ ಮೂಡಿಸುವ ಅವರ ವಿಧಾನ 1919ರ ಸುಮಾರಿಗೆ ಕುದುರಿತು. ಗಂಡ ತೀರಿಕೊಂಡ ಮೇಲೆ ಆ ಕೆಲಸ ಸೊಸೆ ಸಂತಾನಾಳದಾಯಿತು, ಅನಂತರ ಮಗ ಪೊಪೊವಿಯದು. ಕೊಳ್ಳುವವರಿಗೆ ಮಾತ್ರ ಬೇಕಾದದ್ದು ಮರಿಯಾಳ ಸಹಿ. ಸಹಿಯಿದ್ದ ಮಡಕೆಗೆ ಹೆಚ್ಚು ಬೆಲೆ ಬರುತ್ತದೆಂದು ಗೊತ್ತಾದಾಗ ಆಕೆ ಊರಿನ ಇತರ ಹೆಂಗಸರ ಮಡಕೆಗಳ ಮೇಲೂ ತನ್ನ ಹೆಸರು ಹಾಕಿಕೊಡುತ್ತಿದ್ದಳು. ಸಂಗ್ರಾಹಕರಿಗೆ ಇದು ನಕಲಿ ಕೆಲಸ, ಅಪ್ರಾಮಾಣಿಕತೆ. ಆಕೆಯ ಊರಿನ ಕಣ್ಣಲ್ಲಿ ಹೆಸರೆಂಬುದು ನೆರೆಯವಳಿಗೆ ಕೊಡಬಹುದಾದ ವಸ್ತು. ಈ ಎರಡು ನೋಟಗಳಲ್ಲಿ ಒಂದನ್ನೇ ಆರಿಸು ಎಂದರೆ ನಾನು ಎರಡನೆಯದನ್ನು ಆರಿಸುತ್ತೇನೆ. ಸಂಗ್ರಾಹಕರಿಗೆ ನಷ್ಟವಾಗಿದ್ದರೆ ಆಗಲಿ.

ಹಾಗೆಂದು ಊರೆಂಬುದು ಅಮೃತದ ಕೊಡವೇನೂ ಅಲ್ಲ. ನಮ್ಮ ಹಳ್ಳಿಗಳಲ್ಲಿ ಕುಂಬಾರ ಆಯಗಾರರಲ್ಲಿ ಒಬ್ಬನಾಗಿದ್ದ. ಬಡಿಗ, ಕಮ್ಮಾರ, ಅಗಸ, ನಾವಿಂದರ ಹಾಗೆ ಅವನೂ ವರ್ಷವಿಡೀ ರೈತರ ಮನೆಗಳಿಗೆ ಬೇಕಾದ್ದನ್ನು ಮಾಡಿಕೊಟ್ಟು ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಕಾಳು ಪಡೆಯುತ್ತಿದ್ದ. ಈಗಿನ ಬರಹಗಳಲ್ಲಿ ಇದನ್ನು ಪರಸ್ಪರಾವಲಂಬನೆ ಎಂದು ಕೊಂಡಾಡುವುದು ರೂಢಿ. ಪರಸ್ಪರ ಎಂಬಲ್ಲಿ ನನಗೆ ಅನುಮಾನ. ಕಣದಲ್ಲಿ ಮೊರ ಹಿಡಿದವನು ಅಳೆಯುತ್ತಾನೆ, ಬುಟ್ಟಿ ಹಿಡಿದವನು ಕಾಯುತ್ತಾನೆ. ಮಳೆ ಕೈಕೊಟ್ಟ ವರ್ಷ ರೈತನಿಗೆ ಅರ್ಧ ಹೊಟ್ಟೆಯಾದರೆ ಆಯಗಾರನಿಗೆ ಕಾಲು ಹೊಟ್ಟೆ. ಮಡಕೆ ಎಷ್ಟು ಒಡೆದರೂ ಹೊಸದು ಕೊಡಬೇಕು, ಆದರೆ ಕಾಳಿನ ಅಳತೆ ಅವನ ಕೈಯಲ್ಲಿಲ್ಲ. ಅದರಲ್ಲಿ ಭದ್ರತೆ ಇತ್ತು. ಸಮಾನತೆ ಇರಲಿಲ್ಲ, ಅದು ಇಲ್ಲದ ಕಡೆ ಗೆಳೆತನ ಅಪರೂಪ.

ಆದರೂ ಆ ವ್ಯವಸ್ಥೆಯಲ್ಲಿ ಒಂದು ಸಂಗತಿ ಇತ್ತು, ಈಗ ಇಲ್ಲ: ಮಾಡಿದವನಿಗೆ ಬಳಸುವವಳು ಗೊತ್ತಿದ್ದಳು. ಯಾವ ಮನೆಯಲ್ಲಿ ಎಷ್ಟು ಜನ, ಯಾರ ಒಲೆಯ ಬಾಯಿ ಎಷ್ಟಗಲ, ಯಾರಿಗೆ ಮಜ್ಜಿಗೆಯ ಗಡಿಗೆ ಕಂಠ ಸಣ್ಣದಿರಬೇಕು ಎಂಬುದೆಲ್ಲ ಕುಂಬಾರರ ಮನೆಗೆ ಬಾಯಿಪಾಠ. ಕೊಳ್ಳುವವಳು ಬೆರಳ ಗೆಣ್ಣಿನಿಂದ ತಟ್ಟಿ ಠಣ್ ಎಂದರೆ ಒಯ್ಯುತ್ತಿದ್ದಳು. ಸದ್ದು ಮಂಕಾದರೆ ಕೂದಲೆಳೆಯ ಬಿರುಕಿದೆ ಎಂದು ಹಿಂದಕ್ಕೆ ಇಡುತ್ತಿದ್ದಳು. ಕಡಿಮೆ ಶಾಖದಲ್ಲಿ ಬೆಂದ ಮಡಕೆ ಬೇಗ ಒಡೆಯುತ್ತದೆ. ಒಡೆಯುವುದರಿಂದಲೇ ಇಬ್ಬರೂ ಮತ್ತೆ ಮತ್ತೆ ಭೇಟಿಯಾಗುತ್ತಿದ್ದರು. ಅಲ್ಯೂಮಿನಿಯಂ, ಪ್ಲಾಸ್ಟಿಕ್, ಸ್ಟೀಲ್ ಬಂದು ಕಸಿದುಕೊಂಡದ್ದು ಬರೀ ಗಿರಾಕಿಯನ್ನಲ್ಲ, ಈ ಒಡನಾಟವನ್ನೂ ಹೌದು.

ಅಡುಗೆಮನೆ ಕೈಬಿಟ್ಟ ಮೇಲೂ ಕುಂಬಾರರನ್ನು ಹಿಡಿದುಕೊಂಡಿರುವುದು ಆಚರಣೆ. ಉತ್ತರ ಕರ್ನಾಟಕದ ಮದುವೆಗಳಲ್ಲಿ ಚಿತ್ತಾರ ಬರೆದ ಐರಾಣಿ ಗಡಿಗೆಗಳು ಕುಂಬಾರರ ಮನೆಯಿಂದ ವಾದ್ಯದೊಂದಿಗೆ ಬರುತ್ತವೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತುಗಳು ಅಲ್ಲಿಂದಲೇ. ಭಾದ್ರಪದದಲ್ಲಿ ಅಂಬಿಗರ ಹೆಂಗಸರು ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ತರುವ ಜೋಕುಮಾರ ಹಲವು ಊರುಗಳಲ್ಲಿ ಕುಂಬಾರರ ಮನೆಯಲ್ಲಿ ರೂಪ ತಳೆಯುತ್ತಾನೆ. ಮಸಣದಲ್ಲಿ ಹೆಗಲಮೇಲೆ ತೂತು ಬಿದ್ದು ಕಡೆಗೆ ಒಡೆಯುವ ಗಡಿಗೆಯೂ ಅವರದೇ. ಹುಟ್ಟಿನಿಂದ ಸಾವಿನವರೆಗೆ ಊರು ಅವರನ್ನು ಬಿಟ್ಟಿಲ್ಲ ಎಂದು ಹೆಮ್ಮೆಪಡುವವರಿದ್ದಾರೆ. ಆದರೆ ಆಚರಣೆಯ ಮಡಕೆಗೆ ಗುಣಮಟ್ಟ ಯಾರೂ ಕೇಳುವುದಿಲ್ಲ. ಒಂದು ದಿನ ನಿಂತರೆ ಸಾಕು. ಕೇಳುವವರಿಲ್ಲದ ಕಡೆ ಕೈಚಳಕ ಎಷ್ಟು ದಿನ ಉಳಿದೀತು? ಶಾಸ್ತ್ರಕ್ಕೆ ಬೇಕು, ಊಟಕ್ಕೆ ಬೇಡ ಎನ್ನುವ ಊರಿನ ಪ್ರೀತಿ ಅಂಥ ದೊಡ್ಡ ಪ್ರೀತಿಯಲ್ಲ.

ಇನ್ನು ಮನೆಯ ಒಳಕ್ಕೆ ಬರೋಣ. ತಿಗರಿಯನ್ನು ಹೆಂಗಸರು ಮುಟ್ಟಬಾರದೆಂಬ ಕಟ್ಟಳೆ ನಾಡಿನ ಬಹುಭಾಗದಲ್ಲಿ ಇತ್ತು, ಕೆಲವು ಕಡೆ ಇನ್ನೂ ಇದೆ. ಇದನ್ನು ಮೈಬಲದ ಮಾತೆಂದು ವಿವರಿಸುವವರಿದ್ದಾರೆ: ಹಳೆಯ ಭಾರದ ಚಕ್ರವನ್ನು ಕೋಲಿನಿಂದ ತಿರುಗಿಸಲು ರಟ್ಟೆ ಬೇಕು. ಹಾಗಾದರೆ ನೆನೆದ ಮಣ್ಣಿನ ಗುಡ್ಡೆ ತುಳಿಯಲು, ಸಂತೆಗೆ ಗಡಿಗೆಗಳ ಹೊರೆ ಹೊರಲು ರಟ್ಟೆ ಬೇಡವೇ? ಅದು ಬಲದ ಮಾತಲ್ಲ, ಅಧಿಕಾರದ ಮಾತು. ಮಣಿಪುರದ ಆಂಡ್ರೊ, ಥೊಂಗ್‌ಜಾವೊ ಊರುಗಳಲ್ಲಿ ತಿಗರಿಯೇ ಇಲ್ಲ; ಮಡಕೆ ಮಾಡುವವರು ಹೆಂಗಸರು. ಚಕ್ರದ ಮೇಲೆ ಮಡಕೆ ತಿರುಗುವ ಬದಲು ಅಲ್ಲಿ ಮಡಕೆಯ ಸುತ್ತ ಹೆಂಗಸು ತಿರುಗುತ್ತಾಳೆ. ಥೊಂಗ್‌ಜಾವೊದ ನೀಲಮಣಿ ದೇವಿಯವರಿಗೆ 2007ರಲ್ಲಿ ಪದ್ಮಶ್ರೀ ಸಿಕ್ಕಿತು. ನಮ್ಮಲ್ಲಿ ಅಂಥ ಹೆಂಗಸು ಹುಟ್ಟಿಲ್ಲವೆಂದಲ್ಲ, ನಮ್ಮಲ್ಲಿ ಆಕೆ ತಟ್ಟಿದ ಗಡಿಗೆಯನ್ನು ಗಂಡನ ಗಡಿಗೆ ಎನ್ನುತ್ತೇವೆ.

ಇಲ್ಲಿ ಯಂತ್ರದ ಪರವಾಗಿ ಒಂದು ಮಾತು ಹೇಳಲೇಬೇಕು. ಖಾದಿ ಗ್ರಾಮೋದ್ಯೋಗ ಆಯೋಗ 2018ರಿಂದ ಕುಂಬಾರ ಸಶಕ್ತೀಕರಣ ಹೆಸರಿನಲ್ಲಿ ವಿದ್ಯುತ್ ತಿಗರಿಗಳನ್ನು ಹಂಚುತ್ತ ಬಂದಿದೆ. ಪರಂಪರೆ ಹಾಳಾಯಿತೆಂದು ಮೂಗು ಮುರಿಯುವ ನಗರದ ರಸಿಕರು ಒಂದು ಬೆಳವಣಿಗೆ ಗಮನಿಸಿಲ್ಲ. ಹಳೆಯ ತಿಗರಿಗಿದ್ದ ಪೂಜೆ, ಮಡಿ, ಕಟ್ಟಳೆ ಈ ಪ್ಲಗ್ಗಿನ ಯಂತ್ರಕ್ಕೆ ಅಂಟಿಕೊಂಡು ಬರಲಿಲ್ಲ. ತರಬೇತಿ ಕೇಂದ್ರಗಳಲ್ಲಿ ಹೆಂಗಸರು ಅದರ ಮುಂದೆ ಕೂರುತ್ತಿದ್ದಾರೆ. ಶತಮಾನಗಳ ನಿಷೇಧವನ್ನು ಒಂದು ಮೋಟಾರು ಸದ್ದಿಲ್ಲದೆ ಬದಿಗೆ ಸರಿಸಿತು. ಕರೆಂಟು ಇದ್ದಾಗ ಮಾತ್ರ ಎನ್ನಿ.

ಬಂಧುತ್ವದ ಇನ್ನೊಂದು ಮುಖ ಅದರ ಬೇಲಿ. ಭಾಲ್ಕಿಯ ಕುಂಬಾರ ಗುಂಡಯ್ಯ ಮಡಕೆ ತಟ್ಟಿದ ಲಯಕ್ಕೆ ಶಿವನೇ ಕುಣಿದನೆಂದು ಹರಿಹರ ರಗಳೆ ಬರೆದ. ಗುಂಡಯ್ಯನ ಹೆಂಡತಿ ಕೇತಲದೇವಿಯದು ಕುಂಭೇಶ್ವರ ಅಂಕಿತದ ಒಂದು ಪುಟ್ಟ ವಚನ ಮಾತ್ರ ಉಳಿದಿದೆ. ಗಂಡನ ಖ್ಯಾತಿ ತಾಳದಿಂದ ಬಂತು, ಹೆಂಡತಿಯ ವಚನ ಮಣ್ಣಿನ ಹದದಿಂದ ಶುರುವಾಗುತ್ತದೆ. ಕೆಲಸದ ಒಳಗುಟ್ಟು ಬಲ್ಲವರ ಮಾತು ಅದು. ಅದೇ ವಚನ ವ್ರತವಿಲ್ಲದವರೊಡನೆ ಬೆರೆಯಬಾರದೆಂದೂ ಕಟ್ಟುನಿಟ್ಟಾಗಿ ಹೇಳುತ್ತದೆ. ಕುಲದ ಬೇಲಿ ದಾಟಿ ಬಂದವರು ಶರಣರು, ದಾಟಿದ ಮೇಲೆ ಹೊಸ ಬೇಲಿಯೊಂದನ್ನು ಕಟ್ಟಿಕೊಂಡರು. ಪ್ರತಿ ಸಮುದಾಯವೂ ಒಳಗಿನವರನ್ನು ಬಿಗಿಯಾಗಿ ಹಿಡಿಯುವಾಗ ಹೊರಗಿನವರನ್ನು ದೂರ ಇಡುತ್ತದೆ ಎಂಬುದಕ್ಕೆ ದೂಷಣೆಯಿಲ್ಲದ ಉದಾಹರಣೆ ಇದು. ಕುಂಬಾರಿಕೆಯ ಹದ, ಆವಿಗೆಯ ಗುಟ್ಟು ತಂದೆಯಿಂದ ಮಗನಿಗೆ, ಅತ್ತೆಯಿಂದ ಸೊಸೆಗೆ ಇಳಿಯುತ್ತ ಬಂತು. ಆವಿಗೆ ಹೂಡುವ ದಿನ ಅಕ್ಕಪಕ್ಕದ ಮನೆಯವರು ಮುಯ್ಯಾಳಾಗಿ ಬರುತ್ತಾರೆ, ಅವರೂ ನೆಂಟರೇ. ಮಗ ಪೇಟೆಗೆ ಹೋಗಿ ಆಟೋ ಓಡಿಸಲು ನಿಂತ ದಿನ ಆ ಸರಪಳಿ ತುಂಡಾಗುತ್ತದೆ, ಬೇರೆ ಯಾರಿಗೂ ಕಲಿಸಿರುವುದಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಕುಂಬಾರಿಕೆಗೆ ಹೊಸ ಜೀವ ಬಂದದ್ದು ನೆಂಟಸ್ತಿಕೆಯಿಂದಲ್ಲ. 1919ರಲ್ಲಿ ಗುರುಚರಣ ಸಿಂಗ್ ಎಂಬ ಸಿಖ್ ತರುಣ ಮಣ್ಣಿನ ಕೆಲಸ ಕಲಿಯಲು ಜಪಾನಿಗೆ ಹೋದ. ಓದಿದ್ದು ಭೂವಿಜ್ಞಾನ; ಕುಂಬಾರರ ಕುಲದವನಲ್ಲ. ಅಲ್ಲಿ ಅವನಿಗೆ ಸಿಕ್ಕ ಬಳಗದಲ್ಲಿ ಬರ್ನಾರ್ಡ್ ಲೀಚ್ ಎಂಬ ಇಂಗ್ಲಿಷಿನವನಿದ್ದ, ಶೋಜಿ ಹಮಾದಾ ಇದ್ದ, ಜಾನಪದ ಕರಕುಶಲದ ಚಿಂತಕ ಯನಾಗಿ ಇದ್ದ. ಗುರುಚರಣ ಸಿಂಗ್ 1952ರಲ್ಲಿ ದೆಹಲಿ ಬ್ಲೂ ಪಾಟರಿ ತೆರೆದರು. ಅಳಿದುಹೋಗುತ್ತಿದ್ದ ದೆಹಲಿಯ ನೀಲಿ ಮೆರುಗಿಗೆ ಅಲ್ಲಿ ಬದುಕು ಸಿಕ್ಕಿತು, ಹಲವು ಪೀಳಿಗೆಯ ಶಿಷ್ಯರು ಹೊರಬಂದರು. ಅತ್ತ ಲೀಚ್ ಮತ್ತು ಹಮಾದಾ 1920ರಲ್ಲಿ ಒಟ್ಟಿಗೆ ಇಂಗ್ಲೆಂಡಿನ ಸೇಂಟ್ ಐವ್ಸ್‌ಗೆ ಹೋಗಿ ಗುಡ್ಡದ ಇಳಿಜಾರಿನಂತೆ ಮೇಲೇರುವ ಜಪಾನಿ ಗೂಡು ಕಟ್ಟಿದರು. ಕೆಲವು ವರ್ಷಗಳ ಬಳಿಕ ಹಮಾದಾ ಮರಳಿ ಹೋಗಿ ನೆಲೆಸಿದ್ದು ಮಶಿಕೋ ಎಂಬ ಹಳ್ಳಿಯಲ್ಲಿ. ಅಡುಗೆಮನೆಯ ಭರಣಿ, ಒರಳು, ಟೀ ಕೆಟಲು ಮಾಡುವ ಬಡ ಕುಂಬಾರರ ಊರು ಅದು. ಹಮಾದಾ ಅಲ್ಲಿನವನಲ್ಲ. ಅಲ್ಲಿನ ಮಣ್ಣಲ್ಲೇ, ಅಲ್ಲಿನ ಮೆರುಗಲ್ಲೇ ಕೆಲಸ ಮಾಡಿದ, ಮಡಕೆಗೆ ತನ್ನ ಮುದ್ರೆ ಒತ್ತಲಿಲ್ಲ. ಈಗ ಮಶಿಕೋದಲ್ಲಿ ನೂರಾರು ಕುಂಬಾರರು, ಅವರಲ್ಲಿ ಬಹಳ ಮಂದಿ ಹೊರಗಿನಿಂದ ಬಂದು ಕಲಿತವರು.

ಈ ಗೆಳೆಯರ ಮಾತೆಲ್ಲ ಒಪ್ಪುವಂಥದ್ದಲ್ಲ. ಹೆಸರಿಲ್ಲದ ಕುಶಲಕರ್ಮಿಯೇ ನಿಜವಾದ ಸೌಂದರ್ಯದ ಒಡೆಯ ಎಂದು ಯನಾಗಿ ಬರೆದರು. ಹೆಸರಿಲ್ಲದಿರುವುದು ಸ್ವಂತ ಆಯ್ಕೆಯಾದರೆ ಅದು ವಿನಯ. ಹೆಸರು ಹೇಳಲು ಯಾರೂ ಬಿಡದಿದ್ದರೆ ಅದು ಬಡತನ. ಹಮಾದಾಗೆ ಮುದ್ರೆ ಬೇಕಿರಲಿಲ್ಲ, ಅವನ ಕೈ ಎಲ್ಲರಿಗೂ ಗೊತ್ತಿತ್ತು. 1955ರಲ್ಲಿ ಜಪಾನ್ ಸರ್ಕಾರ ಅವನನ್ನು ಜೀವಂತ ರಾಷ್ಟ್ರನಿಧಿ ಎಂದು ಮನ್ನಿಸಿತು. ಸಂತೆಯ ಮೂಲೆಯಲ್ಲಿ ಕೂತ ಕುಂಬಾರ್ತಿಗೆ ಅನಾಮಿಕತೆಯ ಸೌಂದರ್ಯ ಬೋಧಿಸುವುದು ಕ್ರೌರ್ಯ.

ನಮ್ಮಲ್ಲಿ ಈಗ ಎರಡು ಕುಂಬಾರಿಕೆಗಳು ಒಂದಕ್ಕೊಂದು ಮುಖ ಕೊಡದೆ ನಡೆದಿವೆ. ಒಂದು ಕಡೆ ನಗರದ ಸ್ಟುಡಿಯೋ: 1971ರಲ್ಲಿ ಪುದುಚೇರಿಯಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಕಟ್ಟಿದ ಗೋಲ್ಡನ್ ಬ್ರಿಡ್ಜ್ ಪಾಟರಿಯಂಥ ಕಡೆ ಕಲಿತವರು, ಅವರ ಶಿಷ್ಯರು, ವಾರಾಂತ್ಯದ ಕಾರ್ಯಾಗಾರಕ್ಕೆ ಬರುವ ಸಾಫ್ಟ್‌ವೇರ್ ಮಂದಿ. ಅವರಿಗೆ ಹೆಚ್ಚಿನ ಶಾಖ, ಮೆರುಗಿನ ರಸಾಯನ, ಪ್ರದರ್ಶನದ ದಾರಿ ಗೊತ್ತು. ಪರಸ್ಪರ ಗೂಡು ಹಂಚಿಕೊಳ್ಳುತ್ತಾರೆ, ಸೋತ ಪಾತ್ರೆ ಕಂಡು ನಗುತ್ತಾರೆ, ಗುಟ್ಟು ಮುಚ್ಚಿಡುವುದಿಲ್ಲ. ಇನ್ನೊಂದು ಕಡೆ ಹಳ್ಳಿಯ ಕುಂಬಾರರ ಓಣಿ, ಬೆಂಗಳೂರಿನ ಪಾಟರಿ ಟೌನ್. ಅಲ್ಲಿ ವೇಗವಿದೆ, ಮಣ್ಣಿನ ಅಂತರಂಗ ಬಲ್ಲ ಕೈಗಳಿವೆ, ಒಂದೇ ದಿನದಲ್ಲಿ ನೂರಾರು ಹಣತೆ ಇಳಿಯುತ್ತವೆ. ಈ ಇಬ್ಬರೂ ಸೇರುವುದು ಮೇಳದ ವೇದಿಕೆಯಲ್ಲಿ, ಅಲ್ಲೂ ಒಬ್ಬರು ಕಲಾವಿದರು, ಇನ್ನೊಬ್ಬರು ಪ್ರಾತ್ಯಕ್ಷಿಕೆಯವರು. ಖಾನಾಪುರದಲ್ಲಿ ಖಾದಿ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕಾ ಸಂಸ್ಥೆ ಇದೆ. ಇಬ್ಬರಿಗೂ ಒಂದೇ ಗೂಡು, ಒಂದೇ ಊಟದ ಸಾಲು ಇರುವ ಶಿಬಿರಗಳಿಗೆ ಅದಕ್ಕಿಂತ ಒಳ್ಳೆಯ ಜಾಗ ರಾಜ್ಯದಲ್ಲಿ ಮತ್ತೊಂದಿಲ್ಲ. ಸ್ಟುಡಿಯೋದವರು ಕಲಿಸಲು ಬರಬಾರದು, ಮಣ್ಣು ತುಳಿಯಲು ಬರಬೇಕು. ಕುಂಬಾರರ ಮನೆಯವರೂ ಕುಲದಾಚೆಯ ಹುಡುಗಿಯೊಬ್ಬಳು ಹದ ಕಲಿಯಲು ಬಂದರೆ ಇದು ನಮ್ಮ ಹೊಟ್ಟೆಪಾಡು ಎಂದು ಬಾಗಿಲು ಹಾಕಬಾರದು. ಈ ಆತಂಕ ಸುಳ್ಳೆಂದು ನಾನು ಹೇಳಲಾರೆ. ಕಲಿತು ಹೋದವರು ಹೆಚ್ಚು ಬೆಲೆಗೆ ಮಾರಿಕೊಂಡ ಕಥೆಗಳು ಎಲ್ಲ ಕಸುಬಿನಲ್ಲೂ ಇವೆ. ಕಲಿಸಿದ್ದಕ್ಕೆ ಗುರುವಿನ ಸಂಭಾವನೆ ಕೊಡದೆ ಗೆಳೆತನ ಎನ್ನುವುದು ಹಳೆಯ ಕಣದ ಅಳತೆಯೇ, ಮೊರ ಮಾತ್ರ ಹೊಸದು.

ಮಣ್ಣೇ ಇಲ್ಲದಿದ್ದರೆ ಈ ಮಾತೆಲ್ಲ ವ್ಯರ್ಥ. ಕೇಂದ್ರ ಪರಿಸರ ಸಚಿವಾಲಯದ 2016ರ ಜನವರಿಯ ಅಧಿಸೂಚನೆ, ಕುಂಬಾರರು ತಮ್ಮ ರೂಢಿಯಂತೆ ಕೈಯಿಂದ ಜೇಡಿಮಣ್ಣು ತೆಗೆಯುವುದಕ್ಕೆ ಪರಿಸರ ಅನುಮತಿ ಬೇಡವೆಂದು ವಿನಾಯಿತಿ ಕೊಟ್ಟಿದೆ. ಕಾಗದದ ಮೇಲೆ ಅದು ಒಳ್ಳೆಯದು. ಆದರೆ ರೂಢಿ ನಿಂತಿರುವುದು ಊರಿನ ಒಪ್ಪಿಗೆಯ ಮೇಲೆ. ಕೆರೆಯಂಗಳ ಒತ್ತುವರಿಯಾದರೆ, ಹೂಳೆತ್ತುವ ಗುತ್ತಿಗೆ ಪಡೆದವನು ಮಣ್ಣನ್ನು ಲಾರಿಯಲ್ಲಿ ಇಟ್ಟಿಗೆ ಗೂಡಿಗೆ ಸಾಗಿಸಿದರೆ, ವಿನಾಯಿತಿ ಪತ್ರ ಹಿಡಿದು ಯಾರಲ್ಲಿಗೆ ಹೋಗುವುದು? ಹೂಳೆತ್ತುವ ಕಾಮಗಾರಿಗೆ ಮಂಜೂರಾತಿ ಕೊಡುವಾಗಲೇ ಕುಂಬಾರರ ಮನೆಗಳ ಪಾಲಿನ ಜೇಡಿಮಣ್ಣು ಬೇರೆ ಗುಡ್ಡೆ ಹಾಕಬೇಕೆಂದು ಗ್ರಾಮ ಪಂಚಾಯಿತಿ ಒಂದು ಸಾಲು ಬರೆಯಬಹುದು. ಅದಕ್ಕೆ ಹಣ ಬೇಡ, ನೆರೆಯವರೆಂಬ ನೆನಪು ಬೇಕು.

ಕಸುಬು ಮಾಡುವ ಮನೆಗೆ ಹೆಣ್ಣು ಕೊಡಲು ಹಿಂಜರಿಯುತ್ತಾರೆಂಬ ಮಾತು ಕುಂಬಾರರ ಓಣಿಗಳಲ್ಲಿ ಕೇಳಿಬರುತ್ತದೆ. ಇದನ್ನು ಹೊಸ ಪೀಳಿಗೆಯ ಸೋಮಾರಿತನವೆಂದು ಬೈಯುವ ಹಿರಿಯರಿದ್ದಾರೆ. ನನಗೆ ಅದು ಬುದ್ಧಿವಂತ ಲೆಕ್ಕಾಚಾರವಾಗಿ ಕಾಣುತ್ತದೆ. ಹೋದ ಮನೆಯಲ್ಲಿ ದಿನವಿಡೀ ಮಣ್ಣು, ಸಂಜೆ ಒಲೆ, ಸಂತೆಯ ದಿನ ಹೊರೆ, ಕೈಗೆ ಬಂದ ಹಣ ಗಂಡನ ಖಾತೆಗೆ, ಪ್ರಮಾಣಪತ್ರದಲ್ಲಿ ಗಂಡನ ಹೆಸರು. ಯಾವ ಹುಡುಗಿ ಒಪ್ಪಿಯಾಳು? ಸೊಸೆಯ ಹೆಸರು ನೋಂದಣಿಯಲ್ಲಿ, ಸೊಸೆಯ ಕೈ ತಿಗರಿಯ ಮೇಲೆ, ಮಾರಿದ ಮಡಕೆಯ ಪಾಲು ಸೊಸೆಯ ಖಾತೆಯಲ್ಲಿ ಇರುವ ಮನೆಯೊಂದಕ್ಕೆ ಹೆಣ್ಣು ಕೇಳಿ ನೋಡಲಿ. ಕುಂಬಾರಿಕೆಯನ್ನು ಉಳಿಸುವ ಸಮಿತಿಗಳಲ್ಲಿ ಇಂಥ ಹುಡುಗಿಯರನ್ನು ಕೂರಿಸಿ ಏನು ಬೇಕೆಂದು ಕೇಳಿದರೆ ಅವರು ಮೊದಲು ಹೇಳುವುದು ಪರಂಪರೆಯ ಮಾತಾಗಿರಲಾರದು, ಮಣ್ಣು ಹದ ಮಾಡುವ ಯಂತ್ರವೋ ಹೊಗೆಯಿಲ್ಲದ ಗೂಡೋ ಇರಬಹುದು.